ಮಿತಾಹಾರವೂ ದೇಹಭಾರವೂ

ಮೈ ಕರಗಬೇಕೆಂದು ಊಟವನ್ನೇ ಬಿಡುವ ಹೆಣ್ಣುಮಕ್ಕಳನ್ನು ನಾವು ಕಾಣುತ್ತೇವೆ. ಮಿಕ್ಕ ಅನ್ನವು ಹಾಳಾದೀತೆಂದು ಹಸಿವಿಲ್ಲದೆಯೂ ಉಣ್ಣುವ ತಾಯಂದಿರನ್ನೂ ಕಾಣುತ್ತೇವೆ. ಎರಡೂ ಹಿತವಲ್ಲ. ಕಠಿಣ ಉಪವಾಸದಿಂದ ಕೊಬ್ಬಿನೊಡನೆ ಮಾಂಸಖಂಡವೂ ಸವೆಯುವುದು; ಹಳೆಯ ರೂಢಿಗೆ ಮರಳಿದೊಡನೆ ಭಾರವೂ ಮರಳುವುದು. ಆದುದರಿಂದ ಊಟವನ್ನು ತೊರೆಯದೆ ತಟ್ಟೆಯನ್ನು ಬದಲಿಸುವುದೇ ಲೇಸು. ಅರ್ಧ ತಟ್ಟೆ ಸೊಪ್ಪು, ಕಾಯಿಪಲ್ಯಗಳಿರಲಿ. ಉಳಿದರ್ಧದಲ್ಲಿ ಅನ್ನ ಇಲ್ಲವೆ ಮುದ್ದೆಯೂ ಬೇಳೆಕಾಳೂ ಸಮಪಾಲಾಗಿರಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಆದರೆ ಮಿತಿ ಮೀರಿದರೆ ರಾಗಿಯೂ ಕೊಬ್ಬಾಗುವುದು. ಒಂದು ಗ್ರಾಂ ಪಿಷ್ಟವು 4 ಕ್ಯಾಲೊರಿಗಳನ್ನು ಕೊಟ್ಟರೆ ಎಣ್ಣೆಯು 9 ಕೊಡುವುದು. ಕರಿದ ತಿಂಡಿಯೇ ಮೊದಲು ಕಡಿಮೆಯಾಗಲಿ. ಪ್ರಿಯ ಸಹೋದರಿಯರೇ, ದೇವರು ದಯಪಾಲಿಸಿದ ದೇಹವನ್ನು ದಂಡಿಸದೆ, ಅಲಕ್ಷಿಸದೆ ಪೋಷಿಸುವುದೂ ಸೇವೆಯೆಂದೇ ನಾವು ನಂಬುತ್ತೇವೆ.