ಷೇರು ಬಿದ್ದಾಗ ಇನ್ನಷ್ಟು ಕೊಂಡರೆ ನಷ್ಟ ಕಡಿಮೆಯಾಗುತ್ತದೆಯೇ?

ಷೇರು ಬಿದ್ದರೆ ಹೆದರಬೇಡಿ, ಕಡಿಮೆ ಬೆಲೆಗೆ ಇನ್ನಷ್ಟು ಕೊಳ್ಳಿ, ಆವರೇಜ್ ಇಳಿಯುತ್ತದೆ, ನಷ್ಟವೂ ಇಳಿಯುತ್ತದೆ ಎಂಬರ್ಥದ ಸಂದೇಶಗಳು ಮಾರುಕಟ್ಟೆ ಕುಸಿದಾಗಲೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಆವರೇಜ್ ಇಳಿಯುವುದು ನಿಜ. ನಷ್ಟ ಇಳಿಯುವುದು ಸುಳ್ಳು. ಲೆಕ್ಕ ಹಾಕಿಯೇ ನೋಡೋಣ.

ಒಂದು ಕಂಪನಿಯ 100 ಷೇರುಗಳನ್ನು ತಲಾ 200 ರೂಪಾಯಿಗೆ ಕೊಂಡಿದ್ದೀರಿ. ಹಾಕಿದ ಹಣ 20,000. ಬೆಲೆ 120ಕ್ಕೆ ಇಳಿದಾಗ ಇನ್ನೂ 50 ಷೇರು ಕೊಂಡಿರಿ, ಅದಕ್ಕೆ 6,000. 200 ಮತ್ತು 120 ಕೂಡಿಸಿ ಎರಡರಿಂದ ಭಾಗಿಸಿ ಸರಾಸರಿ 160 ಎನ್ನುವವರು ಬಹಳ ಮಂದಿ. ಎರಡೂ ಸಲ ಅಷ್ಟಷ್ಟೇ ಷೇರು ಕೊಂಡಿದ್ದರೆ ಮಾತ್ರ ಅದು ಸರಿ. ಒಟ್ಟು ಹಣವನ್ನು ಒಟ್ಟು ಷೇರುಗಳಿಂದ ಭಾಗಿಸಬೇಕು: 26,000 ÷ 150 = 173.33 ರೂಪಾಯಿ.

ಈಗ ನಷ್ಟ ನೋಡಿ. ಮೊದಲು ಷೇರಿಗೆ 80ರಂತೆ 100 ಷೇರಿಗೆ 8,000. ಈಗ ಷೇರಿಗೆ 53.33ರಂತೆ 150 ಷೇರಿಗೆ ಅದೇ 8,000! ಒಂದು ಪೈಸೆಯೂ ಕಡಿಮೆಯಾಗಿಲ್ಲ. ಆ್ಯಪ್‌ನಲ್ಲಿ ಕೆಂಪು ಬಣ್ಣದ ಶೇಕಡಾವಾರು ಮಾತ್ರ 40ರಿಂದ 31ರ ಹತ್ತಿರಕ್ಕೆ ಬಂದಿರುತ್ತದೆ, ಅದನ್ನು ನೋಡಿ ಸಮಾಧಾನ. ಇನ್ನು ಮುಂದೆ ಬೆಲೆ ಒಂದು ರೂಪಾಯಿ ಇಳಿದರೆ ಕೈಬಿಡುವುದು 100 ಅಲ್ಲ, 150 ರೂಪಾಯಿ. ಏರಿದರೆ ಅಷ್ಟೇ ಲಾಭ, ನಿಜ. ಆದರೆ ಏರಲೇಬೇಕೆಂಬ ನಿಯಮವೇನೂ ಇಲ್ಲವಲ್ಲ.

ಯೆಸ್ ಬ್ಯಾಂಕ್ ಷೇರು 2018ರ ಆಗಸ್ಟ್‌ನಲ್ಲಿ 400 ರೂಪಾಯಿ ಆಸುಪಾಸಿನಲ್ಲಿತ್ತು. 2020ರ ಜುಲೈನಲ್ಲಿ ಬ್ಯಾಂಕೇ ಹೊಸ ಷೇರುಗಳನ್ನು ಮಾರಿದ್ದು 12 ರೂಪಾಯಿಗೆ. 400ಕ್ಕೆ 100 ಷೇರು ಕೊಂಡು ಸುಮ್ಮನಿದ್ದವರು ಆ 12ರ ಬೆಲೆಯಲ್ಲಿ ಕಳೆದುಕೊಂಡದ್ದು 38,800. ಅಗ್ಗವಾಯಿತೆಂದು 200ಕ್ಕೆ, 100ಕ್ಕೆ, 50ಕ್ಕೆ ನೂರು ನೂರು ಸೇರಿಸುತ್ತ ಹೋದವರ ಆವರೇಜ್ 187.50ಕ್ಕೆ ಇಳಿಯಿತು, ನಷ್ಟ 70,200ಕ್ಕೆ ಏರಿತು. ಸಾಲದ್ದಕ್ಕೆ 2020ರ ಮಾರ್ಚ್‌ನ ಪುನರ್‌ರಚನೆಯಲ್ಲಿ 100ಕ್ಕಿಂತ ಹೆಚ್ಚು ಷೇರು ಇದ್ದವರ ಶೇ 75ರಷ್ಟು ಷೇರುಗಳನ್ನು 3 ವರ್ಷ ಮಾರುವಂತಿರಲಿಲ್ಲ. ಸೇರಿಸುತ್ತ ಹೋದವರು ಈ ಬಲೆಗೂ ಬಿದ್ದರು.

ಹಾಗಾದರೆ ನಮ್ಮ ಉದಾಹರಣೆಯಲ್ಲಿ ಬೆಲೆ 173.33 ಮುಟ್ಟಿದರೆ ಅಸಲು ಕೈಗೆ ಬರುತ್ತದೆಯೇ? ಅದೂ ಇಲ್ಲ. ಡೆಲಿವರಿ ಷೇರುಗಳಿಗೆ ಕೊಳ್ಳುವಾಗಲೂ ಮಾರುವಾಗಲೂ ಮೊತ್ತದ ಶೇ 0.1 ಎಸ್‌ಟಿಟಿ ಇದೆ. ಕೊಳ್ಳುವಾಗ ಶೇ 0.015 ಸ್ಟಾಂಪ್ ಶುಲ್ಕ, ಮಾರುವಾಗ ಡಿಮ್ಯಾಟ್ ಖಾತೆಯ ಡಿಪಿ ಶುಲ್ಕ, ಜೊತೆಗೆ ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ. ಎಲ್ಲ ಸೇರಿ 100 ರೂಪಾಯಿ ಎಂದಿಟ್ಟುಕೊಂಡರೆ 26,100 ÷ 150 = 174. ಇದೇ ನಿಮ್ಮ ನಿಜವಾದ ಬ್ರೇಕ್ ಈವನ್ ಬೆಲೆ. ನಿಮ್ಮ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿ, ಸಾಮಾನ್ಯವಾಗಿ ಡಿಪಿ ಶುಲ್ಕ ಬಿಟ್ಟು, ಉಳಿದ ಶುಲ್ಕಗಳ ವಿವರ ಇರುತ್ತದೆ. ಕಡಿಮೆ ಷೇರು ಮಾರುವವರಿಗೆ ಡಿಪಿ ಶುಲ್ಕವೇ ಭಾರ, ಏಕೆಂದರೆ ಸಾಮಾನ್ಯವಾಗಿ ಒಂದು ಮಾರಿದರೂ ನೂರು ಮಾರಿದರೂ ಅದು ಒಂದೇ.

ತೆರಿಗೆ ಇಲಾಖೆಗೆ ಮಾತ್ರ ನಿಮ್ಮ ಸರಾಸರಿ ಬೇಕಿಲ್ಲ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದೇ ಮೊದಲು ಹೋಯಿತು ಎಂಬುದು ಅವರ ಲೆಕ್ಕ. 174ಕ್ಕೆ 50 ಷೇರು ಮಾರಿದರೆ, 200ಕ್ಕೆ ಕೊಂಡವೇ ಹೋದವು ಎಂದರ್ಥ. ಶುಲ್ಕ ಬಿಟ್ಟು 1,300 ರೂಪಾಯಿ ನಷ್ಟ. ಉಳಿದ ನೂರರ ಸರಾಸರಿ 160. ಮಾರಿದ ಮೇಲೆ ಕೆಲವು ಆ್ಯಪ್‌ಗಳಲ್ಲಿ ಆವರೇಜ್ ತಾನಾಗಿ ಬದಲಾಗುವುದು ಇದಕ್ಕೇ.