ಹಿಟ್ಟೂ ಬಟ್ಟೆಯೂ

ಬೆಳಿಗ್ಗೆ ಆರಕ್ಕೇ ದೀಪಾಂಜಲಿ ನಗರದ ಮೆಟ್ರೊ ನಿಲ್ದಾಣ ದಾಟಿ ಓಣಿಗೆ ತಿರುಗಿದರೆ ಸಾಂಬಾರಿನ ಇಂಗು ಮೂಗಿಗೆ ಬಡಿಯುತ್ತದೆ. ಆಷಾಢದ ಗಾಳಿಗೆ ದರ್ಶಿನಿಯ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿದೆ. ಒಳಗೆ ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಚರ್ರನೆ ಗುಡಿಸಿ, ಸಾಲಾಗಿ ದೋಸೆ ಹುಯ್ಯುತ್ತಾರೆ. ಖಾಕಿ ತೊಟ್ಟ ಕಂಡಕ್ಟರು, ಗಾರ್ಮೆಂಟ್ಸ್ ಗಾಡಿಗೆ ಕಾಯುವ ಹೆಣ್ಣುಮಕ್ಕಳು, ಎಲ್ಲರೂ ನಿಂತೇ ತಿನ್ನುತ್ತಾರೆ. ಈ ನಿಂತು ತಿನ್ನುವ ರೂಢಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಊರೆಲ್ಲ ಹಬ್ಬಿದ್ದು. ಕುರ್ಚಿ ಇಲ್ಲದಿದ್ದರೆ ಗಿರಾಕಿ ಬೇಗ ಜಾಗ ಬಿಡುತ್ತಾನೆ, ಬಾಡಿಗೆ ಹುಟ್ಟುತ್ತದೆ.

ಅಷ್ಟಾದರೂ ಗಲ್ಲಾದಲ್ಲಿ ಕೂತವರ ಮುಖ ಅರಳಿಲ್ಲ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿಗೆ ಎರಡು ರೂಪಾಯಿ ಕೂಡಿಸಿದರೆ ದಿನಾ ಬರುವವನೇ ಬೈಟು ಕೇಳುತ್ತಾನೆ. ಬಿಲ್ಲಿಗೆ ಶೇ 5 ಜಿಎಸ್‌ಟಿ ಹಾಕುವ ಹೋಟೆಲು, ತಾನು ಸಿಲಿಂಡರಿಗೂ ಗ್ರೈಂಡರಿಗೂ ಕಟ್ಟಿದ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವಂತಿಲ್ಲ. 2017ರ ನವೆಂಬರಿನಿಂದ ಹೀಗೇ. ಇನ್ನು ಮಳೆ ಬಂದ ದಿನ ರುಬ್ಬಿದ್ದೆಲ್ಲ ರಾತ್ರಿಗೆ ಹುಳಿ.

ಎದುರಿನ ಬೊಟಿಕ್ ಶಟರ್ ಏಳುವುದು ಒಂಬತ್ತೂವರೆಗೆ. ಹೊಸ ಬಟ್ಟೆಯ ಗಂಜಿವಾಸನೆ, ಹೊಲಿಗೆ ಮಿಷಿನ್ನಿನ ಕಟಕಟ. ಬಾಗಿಲ ಗೊಂಬೆಗೆ ಯಜಮಾನ್ತಿ ಸಾಸಿವೆ ಬಣ್ಣದ ಕುರ್ತಿ ತೊಡಿಸಿ, ಬೆನ್ನಿನ ಕಡೆ ಪಿನ್ನು ಚುಚ್ಚಿ ಬಿಗಿ ಮಾಡುತ್ತಾರೆ. ಸಗಟಿನಲ್ಲಿ ತಂದರೆ ಎಲ್ಲ ಅಳತೆಯ ಸೆಟ್ಟನ್ನೇ ಎತ್ತಬೇಕು. ಮಧ್ಯದ ಅಳತೆ ಎರಡು ವಾರಕ್ಕೆ ಖಾಲಿ, ತುದಿಯವು ಬೀರುವಿನಲ್ಲೇ ಉಳಿಯುತ್ತವೆ, ಲಾಭವೆಲ್ಲ ಅವುಗಳ ಮಡಿಕೆಯಲ್ಲಿ. 2015ರ ನವೆಂಬರಿನಲ್ಲಿ ಇಲ್ಲಿಗೆ ಮೆಟ್ರೊ ಬಂತು, ಜನವೂ ಬಂದರು. ಆದರೆ ಅದೇ ರೈಲು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ! ಇವರು ಬಟ್ಟೆ ತರುವ ಪೇಟೆಗೇ ಇವರ ಗಿರಾಕಿಯೂ ಹೋಗುತ್ತಾಳೆ. ಅಂಗಡಿ ಉಸಿರಾಡುತ್ತಿರುವುದು ಕುರ್ತಿಯಿಂದಲ್ಲ, ಬ್ಲೌಸ್ ಹೊಲಿಗೆಯಿಂದ. ಮೈಯಳತೆಯನ್ನು ಚಿಕ್ಕಪೇಟೆಯಿಂದ ಕಟ್ಟಿಸಿಕೊಂಡು ಬರಲಾಗದಲ್ಲ.

ನನ್ನ ಕೇಳಿದರೆ ಬಟ್ಟೆಯವರ ಪಾಡೇ ಕಷ್ಟ. ಹಿಟ್ಟು ಹಾಳಾದದ್ದು ಅದೇ ರಾತ್ರಿ ಮೂಗಿಗೆ ಗೊತ್ತಾಗುತ್ತದೆ. ಫ್ಯಾಶನ್ ಹಳಸಿದ್ದು ಮುಂದಿನ ಹಬ್ಬದವರೆಗೆ ತಿಳಿಯುವುದಿಲ್ಲ.

ಯಜಮಾನ್ತಿ ಈಗ ಸ್ಟೂಲು ಹತ್ತಿ ‘ಆಷಾಢ ಸೇಲ್’ ಬೋರ್ಡು ಕಟ್ಟುತ್ತಿದ್ದಾರೆ. ಮದುವೆಯಿಲ್ಲದ ತಿಂಗಳು, ಮಿಷಿನ್ನಿನ ಪಕ್ಕ ಮೂರೇ ಬ್ಲೌಸ್ ಪೀಸು. ಶ್ರಾವಣಕ್ಕೆ ಇನ್ನೂ ಹನ್ನೊಂದು ದಿನವಿದೆ.