ನಾಯಿಗೆ ಜೇನು ಕಚ್ಚಿದರೆ ಮೊದಲ ಅರ್ಧ ಗಂಟೆ ನಿಗಾ ಇರಲಿ



ನಸುಕಿನಲ್ಲಿ ನೀವು ಹಾಲು ಕರೆಯಲು ಕೊಟ್ಟಿಗೆಗೆ ಹೋದರೆ ಹಿಂದೆಯೇ ಬರುವುದು ಮನೆಯ ನಾಯಿ. ರಾತ್ರಿ ಕರುಗಳಿಗೆ ಅದೇ ಕಾವಲು, ಹಗಲು ಹುಲ್ಲಿಗೆ ಹೋದಾಗ ಅದೇ ಜೊತೆ. ಹಸು ಒಂದು ಹೊತ್ತು ಮೇವು ಬಿಟ್ಟರೂ ನಿಮಗೆ ಗೊತ್ತಾಗುತ್ತದೆ, ಯಾಕೆಂದರೆ ಸಂಘದಲ್ಲಿ ಅಳೆಯುವಾಗ ಹಾಲು ಕಡಿಮೆ ಬರುತ್ತದೆ. ನಾಯಿಗೆ ಹಾಗೆ ಅಳೆಯುವ ಲೀಟರ್ ಇಲ್ಲ. ಅದು ಮೂಲೆಯಲ್ಲಿ ಸುಮ್ಮನೆ ಮಲಗಿದರೆ ‘ಮಲಗಲಿ ಬಿಡು’ ಎಂದುಕೊಂಡು ನಾವು ಕೆಲಸಕ್ಕೆ ಹೋಗುತ್ತೇವೆ. ಜೇನು ಅಥವಾ ಕಣಜ ಕಚ್ಚಿದ ದಿನ ಮಾತ್ರ ಹಾಗೆ ಬಿಟ್ಟು ಹೋಗಬೇಡಿ. ಆ ದಿನದ ಮೊದಲ ಅರ್ಧ ಗಂಟೆ ನಾಯಿಯ ಜೀವ ಉಳಿಸಬಹುದು.

ಮುಖಕ್ಕೇ ಯಾಕೆ ಕಚ್ಚುತ್ತವೆ?

ನಾಯಿ ಹಾರಾಡುವ ಹುಳುವನ್ನು ಕಂಡರೆ ಬಾಯಿ ಹಾಕುತ್ತದೆ, ಇಲ್ಲವೇ ಮುಂಗಾಲಿನಿಂದ ಹೊಡೆಯುತ್ತದೆ. ಆದ್ದರಿಂದ ಹೆಚ್ಚಿನ ಕಡಿತ ಮೂಗು, ತುಟಿ, ಕಣ್ಣಿನ ಸುತ್ತ ಮತ್ತು ಪಾದಕ್ಕೆ. ಕೆಲವೊಮ್ಮೆ ಬಾಯಿಯ ಒಳಗೆ, ನಾಲಿಗೆಗೂ ಬೀಳುತ್ತದೆ.

ಜೇನಿನ ಮುಳ್ಳಿಗೆ ಗರಗಸದಂಥ ಹಲ್ಲುಗಳಿವೆ. ಕಚ್ಚಿದ ಮೇಲೆ ಮುಳ್ಳು ವಿಷದ ಚೀಲದ ಸಮೇತ ಚರ್ಮದಲ್ಲೇ ಉಳಿಯುತ್ತದೆ, ಹುಳು ಸಾಯುತ್ತದೆ. ಹುಳು ಹೋದ ಮೇಲೂ ಆ ಚೀಲ ಸ್ವಲ್ಪ ಹೊತ್ತು ವಿಷ ಒತ್ತುತ್ತಲೇ ಇರುತ್ತದೆ. ಕಣಜದ ಮುಳ್ಳು ಹಾಗೆ ಕಿತ್ತುಕೊಳ್ಳುವುದಿಲ್ಲ. ಕೆಲವು ಕಡೆ ಕಡಜ ಎಂದು ಕರೆಯುವ ಈ ಹುಳು ಒಂದೇ ಸಲ ನಾಲ್ಕಾರು ಕಡೆ ಕಚ್ಚಬಲ್ಲದು.

ಬರೀ ಬಾವು ಯಾವುದು, ಅಪಾಯ ಯಾವುದು?

ಕಚ್ಚಿದ ಜಾಗ ಮಾತ್ರ ಊದಿಕೊಂಡು, ನಾಯಿ ಅಲ್ಲಿ ನೆಕ್ಕುತ್ತಾ, ಕುಯ್ ಕುಯ್ ಎನ್ನುತ್ತಾ ಓಡಾಡಿಕೊಂಡಿದ್ದರೆ ಹೆದರಬೇಕಿಲ್ಲ. ಒಂದೆರಡು ದಿನದಲ್ಲಿ ಬಾವು ಇಳಿಯುತ್ತದೆ.

ಇಡೀ ಮುಖ, ಕಣ್ಣಿನ ರೆಪ್ಪೆ, ತುಟಿ ದಪ್ಪಗಾದರೆ, ಕಚ್ಚದ ಕಡೆಯೂ ಮೈಮೇಲೆ ಗಂಧೆ ಎದ್ದರೆ ಅದು ಅಲರ್ಜಿ. ಪಶುವೈದ್ಯರಿಗೆ ಫೋನ್ ಮಾಡಿ. ಬಾವು ಗಂಟಲಿನ ಕಡೆ ಹೋದರೆ ಉಸಿರಿಗೆ ತೊಂದರೆ.

ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ಹೊರಡಿ:

• ಪದೇ ಪದೇ ವಾಂತಿ, ಇದ್ದಕ್ಕಿದ್ದಂತೆ ಭೇದಿ
• ಕಾಲು ಸೋತು ತೂರಾಡುವುದು, ಬಿದ್ದುಬಿಡುವುದು
• ವಸಡು ಬಿಳಿಚಿಕೊಳ್ಳುವುದು
• ಉಸಿರಾಟ ಕಷ್ಟವಾಗುವುದು, ಗೊರಗೊರ ಸದ್ದು

ಇಲ್ಲಿ ಒಂದು ಮಾತು ನೆನಪಿಡಿ. ನಾಯಿಯಲ್ಲಿ ಜೋರು ಅಲರ್ಜಿ ಮೊದಲು ಹೊಟ್ಟೆ ಮತ್ತು ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ. ಮುಖ ಊದದೆಯೇ ಬರೀ ವಾಂತಿ, ಭೇದಿ, ಸುಸ್ತು ಕಾಣಿಸಬಹುದು. ‘ಏನೋ ಹಾಳುಮೂಳು ತಿಂದಿರಬೇಕು’ ಎಂದು ಬಿಟ್ಟರೆ ಹೊತ್ತು ಮೀರುತ್ತದೆ. ಈ ಲಕ್ಷಣಗಳು ಸಾಮಾನ್ಯವಾಗಿ ಕಚ್ಚಿದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಅರ್ಧ ಗಂಟೆಯ ಒಳಗೆ ಶುರುವಾಗುತ್ತವೆ.

ಹೋದ ವರ್ಷ ಏನೂ ಆಗಿರಲಿಲ್ಲವಲ್ಲ!

ಹಲವರು ಹೀಗೆ ಕೇಳುತ್ತಾರೆ. ಅಲರ್ಜಿಯ ಗುಣವೇ ಹಾಗೆ. ಮೊದಲ ಸಲ ವಿಷ ಹೊಕ್ಕಾಗ ದೇಹ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಮುಂದೊಮ್ಮೆ ಅದೇ ವಿಷ ಸ್ವಲ್ಪವೇ ಸೇರಿದರೂ ದೇಹವೇ ಮಿತಿಮೀರಿ ಎದುರುಬೀಳುತ್ತದೆ. ರಕ್ತದೊತ್ತಡ ಕುಸಿಯುತ್ತದೆ.

ಇದು ಜಗತ್ತಿಗೆ ತಿಳಿದದ್ದೂ ನಾಯಿಗಳಿಂದಲೇ. 1900ರ ದಶಕದ ಆರಂಭದಲ್ಲಿ ಫ್ರಾನ್ಸಿನ ವಿಜ್ಞಾನಿ ಶಾರ್ಲ್ ರಿಶೆ ಮತ್ತು ಅವರ ಜೊತೆಗಾರ ಪಾಲ್ ಪೋರ್ಟಿಯೆ ಕಡಲಜೀವಿಯ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡಿದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರದ ನಂತರ ಕೊಟ್ಟ ಚೂರು ವಿಷಕ್ಕೇ ಪ್ರಾಣ ಬಿಟ್ಟಿತು. ಈ ಕೆಲಸಕ್ಕಾಗಿ ರಿಶೆ ಅವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಾಗಾಗಿ ಹಿಂದೊಮ್ಮೆ ಜೇನು ಕಚ್ಚಿ ಮುಖ ಊದಿದ ನಾಯಿ ನಿಮ್ಮ ಮನೆಯಲ್ಲಿದ್ದರೆ, ಅದರ ಮೇಲೆ ಎರಡು ಪಟ್ಟು ನಿಗಾ ಇರಲಿ.

ತಕ್ಷಣ ಏನು ಮಾಡಬೇಕು?

1. ನಾಯಿಯನ್ನು ಹುಳುಗಳಿಂದ ದೂರ ಕರೆತನ್ನಿ. ನೋವಿನಲ್ಲಿ ಸಾಕಿದ ನಾಯಿಯೂ ಕಚ್ಚೀತು, ಜೋಪಾನ.
2. ಕುತ್ತಿಗೆಯ ಬೆಲ್ಟ್, ಹಗ್ಗ ತೆಗೆಯಿರಿ. ಬಾವು ಬಂದಾಗ ಅದೇ ಉರುಳಾಗುತ್ತದೆ. ಬಾಯಿಗೆ ಹಗ್ಗ ಕಟ್ಟಬೇಡಿ.
3. ಮುಳ್ಳು ಕಂಡರೆ ಉಗುರಿನಿಂದ ಕೆರೆದು ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ.
4. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಬಾವಿನ ಮೇಲಿಡಿ.
5. ನೆರಳಿನಲ್ಲಿ ಕೂರಿಸಿ ಅರ್ಧ ಗಂಟೆ ನೋಡುತ್ತಿರಿ. ತುಟಿ ಎತ್ತಿ ವಸಡಿನ ಬಣ್ಣ ನೋಡಿ.
6. ಮೇಲೆ ಹೇಳಿದ ಲಕ್ಷಣ ಕಂಡರೆ ಮೊದಲು ಫೋನ್ ಮಾಡಿ ವೈದ್ಯರು ಇದ್ದಾರೆಯೇ ಎಂದು ಖಚಿತಪಡಿಸಿಕೊಂಡು ಪಶು ಆಸ್ಪತ್ರೆಗೆ ಒಯ್ಯಿರಿ. ಕಚ್ಚಿದ ಹೊತ್ತು, ಯಾವ ಹುಳು, ನಾಯಿಯ ಅಂದಾಜು ತೂಕ ತಿಳಿಸಿ. ಔಷಧದ ಅಳತೆ ತೂಕದ ಮೇಲಿರುತ್ತದೆ.

ಜೀವಕ್ಕೆ ಅಪಾಯ ತರುವ ಅಲರ್ಜಿಗೆ ಮೊದಲ ಔಷಧ ಅಡ್ರಿನಲಿನ್ ಇಂಜೆಕ್ಷನ್. ಅದರ ಜೊತೆಗೆ ಡ್ರಿಪ್ ಮತ್ತು ಇತರ ಔಷಧ ಬೇಕಾಗಬಹುದು. ಇದನ್ನು ವೈದ್ಯರೇ ಕೊಡಬೇಕು. ಚೇತರಿಸಿಕೊಂಡ ನಾಯಿಗೆ ಕೆಲವು ಗಂಟೆಗಳ ನಂತರ ಮತ್ತೆ ಬರುವುದುಂಟು. ಆ ರಾತ್ರಿ ಅದನ್ನು ತೋಟದ ಕಾವಲಿಗೆ ಕಳಿಸಬೇಡಿ, ಕಣ್ಣೆದುರಿಗೇ ಮಲಗಿಸಿ.

ಇವನ್ನು ಮಾಡಬೇಡಿ

ಸುಣ್ಣ, ಅರಿಶಿನ ಹಚ್ಚುವುದು ನಮ್ಮಲ್ಲಿ ರೂಢಿ. ಅಲರ್ಜಿ ನಡೆಯುವುದು ಮೈಯೊಳಗೆ, ರಕ್ತದಲ್ಲಿ. ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ, ಕಳೆದ ಹೊತ್ತು ಮಾತ್ರ ವಾಪಸ್ ಬರುವುದಿಲ್ಲ. ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಸೀಮೆಎಣ್ಣೆ ಹಚ್ಚಿದರೆ ನಾಯಿ ನೆಕ್ಕಿ ವಿಷವಾಗುತ್ತದೆ.

ಮನೆಯಲ್ಲಿರುವ ಜ್ವರದ, ನೋವಿನ, ಶೀತದ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ಅಪಾಯ. ಸುಸ್ತಾಗಿ ಬಿದ್ದ ನಾಯಿಯ ಬಾಯಿಗೆ ಹಾಲು, ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಕಚ್ಚಿದ್ದು ಹುಳುವೋ ಹಾವೋ ಗೊತ್ತಿಲ್ಲದಿದ್ದರೆ ಹಾವೆಂದೇ ತಿಳಿದು ಹೊರಡಿ. ಹಾವು ಕಚ್ಚಿದರೂ ಮುಖ ಊದುತ್ತದೆ.

ಹೆಜ್ಜೇನು ಎದ್ದಾಗ

ಇದು ಬೇರೆಯೇ ಸಂಗತಿ. ಇಲ್ಲಿ ಅಲರ್ಜಿ ಇಲ್ಲದ ಪ್ರಾಣಿಯನ್ನೂ ವಿಷದ ಪ್ರಮಾಣವೇ ಕೊಲ್ಲುತ್ತದೆ. ಒಂದು ಕಿಲೋ ತೂಕಕ್ಕೆ ಸುಮಾರು 20 ಕಡಿತ ಎಂಬುದು ಪಶುವೈದ್ಯರ ಲೆಕ್ಕ. ಅಂದರೆ 15 ಕಿಲೋ ನಾಯಿಗೆ 300 ಕಡಿತ. ಅಲರ್ಜಿ ಇರುವ ನಾಯಿಗಾದರೆ ಒಂದೇ ಸಾಕು. ಮುಳ್ಳು ನೆಟ್ಟ ಜಾಗದಿಂದ ಹೊರಡುವ ವಾಸನೆ ಉಳಿದ ಜೇನುಗಳನ್ನೂ ಅಲ್ಲಿಗೇ ಕರೆಯುತ್ತದೆ.

ಕಟ್ಟಿದ ನಾಯಿ, ಕಟ್ಟಿದ ಹಸು ಓಡಲಾರವು. ಆದರೆ ನೀವು ಬರಿಮೈಯಲ್ಲಿ ಬಿಚ್ಚಲು ನುಗ್ಗಬೇಡಿ. ಕಂಬಳಿ ಇಲ್ಲವೇ ಗೋಣಿತಾಟು ತಲೆಗೆ, ಮುಖಕ್ಕೆ ಹೊದ್ದುಕೊಂಡರೆ ಮಾತ್ರ ಹತ್ತಿರ ಹೋಗಿ. ಆಗದಿದ್ದರೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ನಿಮಗೇ ಕಚ್ಚಿ ತಲೆ ತಿರುಗಿದರೆ, ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ಬಹಳ ಕಡಿತ ಬಿದ್ದ ಪ್ರಾಣಿ ಅಂದು ಚೆನ್ನಾಗಿ ಕಂಡರೂ ವೈದ್ಯರಿಗೆ ತೋರಿಸಿ. ಒಂದೆರಡು ದಿನ ಮೂತ್ರದ ಬಣ್ಣ ನೋಡಿ. ಕೆಂಪು ಅಥವಾ ಕಾಫಿ ಬಣ್ಣ ಬಂದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ.

ಹಸುವಿನಲ್ಲಿ ಅಲರ್ಜಿ ಹೆಚ್ಚಾಗಿ ಶ್ವಾಸಕೋಶಕ್ಕೆ ಹೊಡೆಯುತ್ತದೆ. ರೆಪ್ಪೆ, ಮೂತಿ ಊದಿ, ಬಾಯಲ್ಲಿ ನೊರೆ ಬಂದು, ಏದುಸಿರು ಬಿಟ್ಟರೆ ಸಂಘದ ಮೂಲಕ ತುರ್ತು ಪಶುವೈದ್ಯರನ್ನು ಕರೆಸಿ ಅಥವಾ 1962ಕ್ಕೆ ಕರೆ ಮಾಡಿ. ಹಸು ಗಬ್ಬವಿದ್ದರೆ ಎಷ್ಟು ತಿಂಗಳೆಂದು ತಪ್ಪದೆ ಹೇಳಿ, ಅಲರ್ಜಿಗೆ ಕೊಡುವ ಸ್ಟಿರಾಯ್ಡ್ ತುಂಬುಗಬ್ಬದಲ್ಲಿ ಕಂದು ಹಾಕಿಸಬಹುದು. ಚಿಕಿತ್ಸೆಯ ನಂತರ ಎಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬಾರದು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.

ಕೊಟ್ಟಿಗೆಯ ಸುತ್ತ

• ತಿಂಗಳಿಗೊಮ್ಮೆ ಸೂರಿನ ಅಡಿ, ಹುಲ್ಲಿನ ಬಣವೆ, ಗೊಬ್ಬರದ ಗುಂಡಿಯ ಹತ್ತಿರ ಕಣಜದ ಗೂಡಿದೆಯೇ ನೋಡಿ.
• ಬೆಲ್ಲದ ನೀರು, ಕೊಳೆತ ಹಣ್ಣು, ಚೆಲ್ಲಿದ ಹಿಂಡಿ ಬಿಡಬೇಡಿ. ಸಿಹಿ ಇದ್ದಲ್ಲಿ ಕಣಜ ಬರುತ್ತದೆ.
• ಹೆಜ್ಜೇನು ಕಟ್ಟಿದ ಮರದ ಕೆಳಗೆ ನಾಯಿ, ದನ ಕಟ್ಟಬೇಡಿ. ಅದರ ಹತ್ತಿರ ಹೊಗೆ ಹಾಕಬೇಡಿ, ಮಕ್ಕಳು ಕಲ್ಲು ಹೊಡೆಯದಂತೆ ನೋಡಿಕೊಳ್ಳಿ.
• ಗೂಡಿಗೆ ಬೆಂಕಿ ಇಡಬೇಡಿ. ನಮ್ಮ ಬೆಳೆಗಳ ಪರಾಗಸ್ಪರ್ಶಕ್ಕೆ ಜೇನು ಬೇಕು. ತೆಗೆಯಲೇಬೇಕಿದ್ದರೆ ಬಲ್ಲವರನ್ನು ಕರೆಸಿ.
• ದನಗಳಿಗೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ.

ಇವತ್ತೇ ಒಂದು ಕೆಲಸ ಮಾಡಿ. ಪಶುವೈದ್ಯರ ನಂಬರು, ಸಂಘದ ಕಾರ್ಯದರ್ಶಿಯ ನಂಬರು, 1962, ತುರ್ತಿಗೆ ಬರುವ ಆಟೋದವರ ನಂಬರು — ಈ ನಾಲ್ಕನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ನೀವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಕ್ಕಳೂ, ಅತ್ತೆಯವರೂ ಅದನ್ನು ನೋಡಿ ಫೋನ್ ಮಾಡಬಹುದು.